ಮೂರು ಪಟ್ಟಣದ ಬಂದರಿಗೆ ಒಂದು ಖಾಲಿ ದಂಡೆ

ಹೂಳು ತುಂಬಿದ ಬುಟ್ಟಿಯನ್ನು ತಲೆಗೇರಿಸಿದರೆ ನೀರು ಮೊದಲು ಇಳಿಯುವುದು ಕಿವಿಗೆ. ಆಮೇಲೆ ಕತ್ತಿಗೆ. ಆಮೇಲೆ ಬೆನ್ನಗುಂಟ ಸೊಂಟದವರೆಗೆ. ಮೂರನೇ ಬುಟ್ಟಿಯ ಹೊತ್ತಿಗೆ ಮೈಯೆಲ್ಲ ಒಂದೇ ಬಣ್ಣ. ಆಗ ಹನ್ನೊಂದು ಹೆಂಗಸರಲ್ಲಿ ಯಾರು ಯಾರು ಅಂತ ಗುರುತಿಸಬೇಕಾದರೆ ಹಲ್ಲು ನೋಡಬೇಕು, ಇಲ್ಲವೇ ಬೈಗುಳ ಕೇಳಬೇಕು.

ಜೋರಾಗಿ ಬೈಯುವವಳು ಗುಡುಗು. ಅವಳು ಬಾಯಿ ತೆಗೆದರೆ ಆಚೆ ದಡದ ನಾಯಿ ಬೊಗಳುತ್ತದೆ. ಬೈಯದೆ ನೆಟ್ಟಗೆ ನೋಡಿ ಸುಮ್ಮನಾಗುವವಳು ಕೋಲಕ್ಕ. ಇಪ್ಪತ್ತಾರು ವರ್ಷದಿಂದ ಈ ಬಂದರಿನ ಹೂಳು ಹೊತ್ತವಳು. ಹೂಳು ಹೊರದ ದಿನ ದೋಣಿಯ ಮುಂದುಗಡೆ ನಿಂತು ಬಿದಿರು ಕೋಲು ಇಳಿಬಿಟ್ಟು ಆಳ ಹೇಳುವವಳು. "ಐದು... ನಾಲ್ಕೂವರೆ... ಬಲಕ್ಕೆ ತಿರುಗಿಸಪ್ಪ, ಇಲ್ಲಿ ದಿಬ್ಬ ಬೆಳೆದಿದೆ." ಹೆಸರು ಏನೋ ಇತ್ತು. ಕೋಲು ಅದನ್ನು ನುಂಗಿಹಾಕಿತು.

ಬಂದರು ಅಂದರೆ ಸಮುದ್ರ ನೆನೆಸಿಕೊಳ್ಳಬೇಡಿ. ಇದು ಹೊಳೆಯ ಬಂದರು. ಉಪ್ಪಿಲ್ಲ, ಅಲೆಯಿಲ್ಲ, ದೊಡ್ಡಸ್ತಿಕೆಯೂ ಇಲ್ಲ. ಒಂದು ಕಲ್ಲಿನ ಕಟ್ಟೆ, ತುಕ್ಕು ಹಿಡಿದ ಒಂದು ಕ್ರೇನು, ಎರಡು ಗೋದಾಮು. ಒಂದೇ ಹೊಳೆಗೆ ಮೂರು ಪಟ್ಟಣ. ಮೇಲಿನದು, ಕೆಳಗಿನದು, ನಡುವೆ ಇದು. ಮೂರಕ್ಕೂ ಒಂದೊಂದು ಬಂದರು. ಇಷ್ಟು ವರ್ಷ ಮೂರೂ ಒಂದರ ಸರಕು ಇನ್ನೊಂದು ಕಸಿದುಕೊಂಡು, ಒಂದರ ಕೆಸರು ಇನ್ನೊಂದರ ಕಡೆಗೆ ಬಿಟ್ಟುಕೊಂಡು ಬದುಕಿದ್ದವು. ಈಗ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತು. ಒಬ್ಬೊಬ್ಬರೇ ಹೋದರೆ ದೊಡ್ಡ ನಗರದವರು ಬಾಗಿಲಲ್ಲೇ ನಿಲ್ಲಿಸುತ್ತಾರೆ, ಮೂವರೂ ಒಟ್ಟಿಗೆ ಹೋದರೆ ಕುರ್ಚಿ ಕೊಡುತ್ತಾರೆ ಅಂತ ಯಾರೋ ಕಿವಿಯಲ್ಲಿ ಊದಿದರು. 'ತ್ರಿನಗರ ಬಂದರು ಸಹಕಾರ' ಅಂತ ಬೋರ್ಡು ಎದ್ದಿತು. ಬೋರ್ಡಿನ ಬಣ್ಣ ಒಣಗುವ ಮೊದಲೇ ಊಟ ಆಯಿತು. ಊಟ ಆದಮೇಲೆ ಹಂಚಿಕೆ ಆಯಿತು.

ಮೇಲಿನ ಪಟ್ಟಣಕ್ಕೆ ಧಾನ್ಯದ ಕಟ್ಟೆ. ಕೆಳಗಿನ ಪಟ್ಟಣಕ್ಕೆ ಯಂತ್ರಗಳ ಕಟ್ಟೆ. ನಡುವಿನ ಪಟ್ಟಣಕ್ಕೆ ಒಂದು ಉದ್ಯಾನ. ಉದ್ಯಾನಕ್ಕೆ ನೆಲ ಎತ್ತರಿಸಬೇಕಲ್ಲ? ಅದಕ್ಕೆ ಆ ಎರಡೂ ಬಂದರುಗಳಲ್ಲಿ ತೆಗೆದ ಹೂಳನ್ನೆಲ್ಲ ತಂದು ಇಲ್ಲಿ ಸುರಿಯುವುದು. ಅವರಿಗೆ ಆಳ, ಇವರಿಗೆ ಕೆಸರು. ಇದಕ್ಕೆ ಸಹಕಾರ ಅಂತ ಹೆಸರು.

ಗೋದಾಮಿನ ಗೋಡೆಗೆ ನಕಾಶೆ ಅಂಟಿಸಿದ್ದರು. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿಕೊಂಡು ಹೆಂಗಸರು ಅದರ ಕೆಳಗೆ ಕೂತಿದ್ದಾಗ ಗೋದಾಮಿನ ಗುಮಾಸ್ತ ಓದಿ ಹೇಳಿದ. ಬಂದರಿನ ಎಡಕ್ಕೆ ಹಸಿರು ಬಣ್ಣ ಬಳಿದಿದ್ದರು.

"ಇಲ್ಲೇನು ಬರೆದಿದೆ?" ಅಂದಳು ಕೋಲಕ್ಕ.

"ಖಾಲಿ ದಂಡೆ."

ಗುಡುಗು ಅಗಿಯುವುದನ್ನು ನಿಲ್ಲಿಸಿದಳು. "ನಮ್ಮ ಮನೆ ಎಲ್ಲಿದೆ ಹುಡುಕು."

ಗುಮಾಸ್ತ ಬೆರಳು ಓಡಿಸಿದ. ಕ್ರೇನು ಇತ್ತು. ಗೋದಾಮು ಇತ್ತು. ಗೋದಾಮಿನ ಹಿಂದಿನ ಪಾಯಿಖಾನೆಯೂ ಇತ್ತು. ನಲವತ್ತೊಂದು ಮನೆ ಇರಲಿಲ್ಲ.

"ಪಾಯಿಖಾನೆಗಿರೋ ಮರ್ಯಾದೆ ನಮಗಿಲ್ವಲ್ಲೇ!" ಅಂದಳು ಗುಡುಗು. ಆಚೆ ದಡದಲ್ಲಿ ನಾಯಿ ಬೊಗಳಿತು.

ಆ ದಂಡೆ ದೇವರು ಕೊಟ್ಟದ್ದಲ್ಲ. ಒಂದು ಕಾಲದಲ್ಲಿ ಅಲ್ಲಿ ನೀರು ಹರಿಯುತ್ತಿತ್ತು. ಕೋಲಕ್ಕನ ಅತ್ತೆ ಮತ್ತು ಅತ್ತೆಯ ವಾರಗೆಯವರು ಬಂದರಿನ ಹೂಳು ಹೊತ್ತು ಅಲ್ಲಿ ಚೆಲ್ಲಿದರು. ನೆಲ ಎದ್ದಿತು. ಬೇರೆ ಎಲ್ಲೂ ಇರಲು ಬಿಡಲಿಲ್ಲ, ಅದಕ್ಕೆ ಅವರು ಆ ನೆಲದ ಮೇಲೆ ಮನೆ ಕಟ್ಟಿಕೊಂಡರು. ಅಷ್ಟು ಜಾಗವೂ ಹೆಂಗಸರ ನೆತ್ತಿಯ ಮೇಲಿಂದ ಇಳಿದು ಬಂದದ್ದು. ಅತ್ತೆಯ ನೆತ್ತಿಯಲ್ಲಿ ಇವತ್ತಿಗೂ ಅಂಗೈಯಗಲ ಕೂದಲಿಲ್ಲ.

ಗುಮಾಸ್ತ ಒಳ್ಳೆಯವನು, ಹೆದರುಪುಕ್ಕಲ. ಅತ್ತಿತ್ತ ನೋಡಿ ಇನ್ನೊಂದು ಸಾಲು ಓದಿದ. "ಬಂದರಿನ ಆಳ ಐದು ಅಡಿಗಿಂತ ಕಡಿಮೆ ಇದ್ದರೆ ಅದರ ದಂಡೆ ಮೇಲೆ ಹೂಳು ಸುರಿಯೋ ಹಾಗಿಲ್ಲ. ಜಾರಿ ಮತ್ತೆ ಬಂದರಿಗೇ ಬೀಳುತ್ತೆ. ಅದು ಅವರದೇ ನಿಯಮ."

"ಇಲ್ಲಿ ಎಷ್ಟಿದೆ ಅಂತ ಬರೆದಿದ್ದಾರೆ?"

"ಏಳು."

ಹನ್ನೊಂದು ಜನವೂ ನಕ್ಕರು. ಅನ್ನ ನೆತ್ತಿಗೇರುವಷ್ಟು ನಕ್ಕರು. ಆ ನೀರಿನಲ್ಲಿ ದಿನಾ ಸೊಂಟದವರೆಗೆ ನಿಲ್ಲುವವರು ಅವರು.

ಕೋಲಕ್ಕ ಮಾತ್ರ ನಗು ನಿಲ್ಲಿಸಿ ಕಟ್ಟೆಯ ಕಡೆ ನೋಡಿದಳು. ಅಲ್ಲಿ ಆಳದ ಕಲ್ಲಿತ್ತು. ನೀರಿನೊಳಗೆ ನೆಟ್ಟ ಉದ್ದನೆಯ ಕಂಬ, ಅದರ ಮೇಲೆ ಅಡಿಯ ಗುರುತು. ನೀರು ಏಳನ್ನು ಮುಟ್ಟಿತ್ತು. ಅವಳಿಗೆ ತಕ್ಷಣ ಗೊತ್ತಾಯಿತು. ಸಾಹೇಬರು ಕಟ್ಟೆಯ ಮೇಲೆ ನಿಂತು ಕಲ್ಲು ಓದಿ ಹೋಗಿದ್ದಾರೆ. ಕಲ್ಲಿನ ಬುಡದ ನಾಲ್ಕು ಅಡಿ ಹೂಳಿನಲ್ಲಿ ಹೂತುಹೋಗಿ ಎಷ್ಟೋ ವರ್ಷ ಆಯಿತು. ಅದನ್ನು ತಿಳಿಯಬೇಕಾದರೆ ನೀರಿಗೆ ಇಳಿಯಬೇಕು. ಇಳಿದರೆ ಷೂ ಒದ್ದೆಯಾಗುತ್ತದೆ.

ಮಾರನೇ ದಿನ ಅವಳು ಕಾಲು ತಿಕ್ಕಿ ತೊಳೆದುಕೊಂಡು ಬಂದರು ಕಚೇರಿಗೆ ಹೋದಳು.

ಬಾಗಿಲಲ್ಲೇ ಜವಾನ ತಡೆದ. ಒಳಗೆ ಹೊಸ ಕಾರ್ಪೆಟ್ ಹಾಸಿತ್ತು, ಸಹಕಾರದ ಕಾರ್ಪೆಟ್. ಜವಾನ ಅವಳ ಕಾಲು ನೋಡಿದ. ಉಗುರಿನ ಸಂದಿಯ ಕಪ್ಪು ತೊಳೆದರೆ ಹೋಗುವಂಥದ್ದಲ್ಲ. ಅವನು ಒಂದು ಪೇಪರ್ ಹಾಳೆ ತಂದು ಬಾಗಿಲ ಒಳಗೆ ಹಾಸಿ, "ಇದರ ಮೇಲೆ ನಿಂತ್ಕೋ. ಅಲ್ಲಾಡಬೇಡ," ಅಂದ.

ಅವಳು ಕಾಲಿಟ್ಟಳು. ಜವಾನ ಕಿಟಾರನೆ ಕಿರುಚಿದ. "ಅಯ್ಯೋ, ಆ ಕಡೆ ಅಲ್ವೇ! ಮಗುಚು, ಮಗುಚು!"

ಹಾಳೆಯಲ್ಲಿ ಮೂರು ಪಟ್ಟಣದ ಮೂವರು ಮೇಯರ್‌ಗಳು ಕೈ ಕುಲುಕುತ್ತ ನಗುತ್ತಿದ್ದರು. ನಡುವಿನವರ ಮೂಗಿನ ಮೇಲೆ ಅವಳ ಹೆಬ್ಬೆರಳಿತ್ತು. ಹಾಳೆ ಮಗುಚಿ ಹಾಸಿದ್ದಾಯಿತು. ಈಗ ಅವಳು ಹಲ್ಲುಪುಡಿಯ ಜಾಹೀರಾತಿನ ಮೇಲೆ ನಿಂತಳು.

ಇಂಜಿನಿಯರ್ ಸಣ್ಣ ವಯಸ್ಸಿನವನು. ಕೆಟ್ಟವನಲ್ಲ. ಅವಳ ಕಡೆ ತಿರುಗಲು ಅವನಿಗೆ ಪುರುಸೊತ್ತಿರಲಿಲ್ಲ, ಅಷ್ಟೆ.

"ಏನಮ್ಮ?"

"ಸಾರ್, ಬಂದರಲ್ಲಿ ಏಳು ಅಡಿ ಇಲ್ಲ. ಮೂರೇ ಇರೋದು."

"ಕಲ್ಲಲ್ಲಿ ಏಳಿದೆ."

"ಕಲ್ಲಿನ ಕಾಲು ಕೆಸರಲ್ಲಿದೆ ಸಾರ್. ನಾಲ್ಕು ಅಡಿ ಹೂತಿದೆ. ಏಳರಲ್ಲಿ ನಾಲ್ಕು ಕಳೀರಿ."

"ನನಗೆ ಕಳೆಯೋದು ಹೇಳಿಕೊಡ್ತೀಯಾ?" ಅವನು ಈಗ ತಿರುಗಿದ. "ನೀನು ಎಷ್ಟು ಓದಿದ್ದೀಯ?"

"ಓದಿಲ್ಲ ಸಾರ್. ಹೊಳೆಗೂ ಓದು ಬರಲ್ಲ."

ಜವಾನ ಕೆಮ್ಮಿದ. ಇಂಜಿನಿಯರ್ ಮುಖ ಕೆಂಪಾಯಿತು. "ಮೂರು ಪಟ್ಟಣದ ಮೂವರು ಇಂಜಿನಿಯರ್‌ಗಳು ಸಹಿ ಹಾಕಿದ್ದೀವಿ. ಮೂವರೂ ತಪ್ಪಾ?"

"ಮೂವರೂ ಒಂದೇ ಕಲ್ಲು ನೋಡಿದ್ದೀರಿ ಸಾರ್. ಒಂದು ಸಲ ಕೋಲು ಬಿಟ್ಟು ನೋಡಿ. ನಾನೇ ಹಿಡ್ಕೋತೀನಿ."

"ನಿನ್ನ ಕೆಲಸ ಹೂಳು ಹೊರೋದು. ಅದನ್ನ ಮಾಡು."

"ಆ ದಂಡೆ ಮೇಲೆ ನಲವತ್ತೊಂದು ಮನೆ ಇದೆ ಸಾರ್."

"ನಕಾಶೆಯಲ್ಲಿಲ್ಲ," ಅಂದ ಅವನು, ಬಹಳ ತಾಳ್ಮೆಯಿಂದ. ಮಗುವಿಗೆ ಹೇಳಿದ ಹಾಗೆ.

ಅವಳು ಹೊರಗೆ ಬಂದು ಕಿಟಕಿಯಲ್ಲಿ ನೋಡಿದಳು. ಜವಾನ ಆ ಪೇಪರನ್ನು ಎರಡು ಬೆರಳಲ್ಲಿ, ಸತ್ತ ಇಲಿಯ ಬಾಲ ಹಿಡಿದಂತೆ, ಎತ್ತಿ ಕಸದ ಬುಟ್ಟಿಗೆ ಹಾಕಿದ. ಆಮೇಲೆ ಕೈ ತೊಳೆದ. ಸೋಪು ಹಾಕಿ ತೊಳೆದ.

ಮನೆಯಲ್ಲಿ ಅತ್ತೆ ಕೇಳಿದಳು. "ಏನಂದರು?"

"ನಾವು ಇಲ್ಲವಂತೆ."

"ಅಷ್ಟೇನಾ?" ಅಂದಳು ಅತ್ತೆ. "ನಾನೆಲ್ಲೋ ಹೊಸ ವಿಷಯ ಹೇಳಿದರೇನೋ ಅಂದ್ಕೊಂಡೆ."

ಒಪ್ಪಂದಕ್ಕೆ ದಿನ ಗೊತ್ತಾಯಿತು. ಮೂವರು ಮೇಯರ್‌ಗಳೂ ಮೇಲಿನ ಪಟ್ಟಣದಿಂದ ಬಿಳಿ ದೋಣಿಯಲ್ಲಿ ಬಂದು, ನಡುವಿನ ಬಂದರಿನ ಕಟ್ಟೆಯ ಮೇಲೆ ಇಳಿದು, ಎಲ್ಲರೆದುರಿಗೆ ಸಹಿ ಹಾಕುವುದು. ಸಹಿಯಾದ ಮಾರನೇ ದಿನವೇ ಹೂಳಿನ ದೋಣಿಗಳು ಬರುವುದು.

ಹಿಂದಿನ ಸಂಜೆ ಕೂಲಿ ಹೆಂಗಸರ ಮೇಸ್ತ್ರಿ ಬಂದ. ಜೊತೆಗೆ ದೊಡ್ಡ ಫ್ಲೆಕ್ಸ್ ಸುರುಳಿ. ಇಡೀ ಓಣಿಗೆ ಅಡ್ಡಲಾಗಿ, ಈ ತುದಿಯಿಂದ ಆ ತುದಿಗೆ ಬಿಗಿದ. ಹೊಳೆಯ ಕಡೆಯಿಂದ ನೋಡಿದರೆ ಹಡಗು, ನೀಲಿ ನೀರು, ಹೂವಿನ ಗಿಡ. ಒಳಗಿನಿಂದ ನೋಡಿದರೆ ಬಿಳಿ ಗೋಡೆ. ಮನೆಗಳಿಗೆ ಗಾಳಿ ನಿಂತಿತು.

"ನಾಳೆ ಮಧ್ಯಾಹ್ನದವರೆಗೆ ಒಂದು ನರಪಿಳ್ಳೆಯೂ ಆಚೆ ಬರಬಾರದು," ಅಂದ.

"ಪಾಯಿಖಾನೆ ಆ ಕಡೆ ಇದೆಯಲ್ಲೋ ಮೇಸ್ತ್ರಿ?" ಅಂದಳು ಗುಡುಗು.

"ಒಂದು ದಿನ ಹಿಡ್ಕೊಳ್ಳೇ. ಊರಿನ ಮಾನದ ಪ್ರಶ್ನೆ."

"ಊರಿನ ಮಾನ ನನ್ನ ಹೊಟ್ಟೆಯೊಳಗಿದೆ ಅಂತ ಗೊತ್ತಿರಲಿಲ್ಲ ಬಿಡು."

ಬೆಳಿಗ್ಗೆ ಹತ್ತಕ್ಕೆ ಬ್ಯಾಂಡು ಶುರುವಾಯಿತು. ಹೆಂಗಸರು ಫ್ಲೆಕ್ಸಿನ ಹಿಂದೆ ನೆಲಕ್ಕೆ ಕಿವಿಗೊಟ್ಟವರಂತೆ ಕೂತಿದ್ದರು. ದೋಣಿಯ ಇಂಜಿನ್ ಸದ್ದು ಹತ್ತಿರ ಬಂತು. ಇನ್ನೂ ಹತ್ತಿರ. ಕೋಲಕ್ಕ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದಳು, "ಆರು... ಐದು... ನಾಲ್ಕೂವರೆ..." ಆಮೇಲೆ ಏನೂ ಹೇಳಲಿಲ್ಲ. ಸದ್ದು ಗರ್ರ್ ಅಂದು ನಿಂತಿತು. ಬ್ಯಾಂಡು ಒಂದು ಸಾಲು ಹೆಚ್ಚಿಗೆ ನುಡಿಸಿ, ತಾನೂ ನಿಂತಿತು.

ಮೇಸ್ತ್ರಿ ಓಡಿಬಂದು ಫ್ಲೆಕ್ಸಿನ ತುದಿ ಎತ್ತಿ ತಲೆ ತೂರಿಸಿದ. ನಿನ್ನೆಯ ಗತ್ತು ಇರಲಿಲ್ಲ. "ಬನ್ನಿ ಬನ್ನಿ, ಬೇಗ! ದೋಣಿ ಕೂತುಬಿಟ್ಟಿದೆ. ತಳ್ಳಬೇಕು."

"ಆಚೆ ಬರಬಾರದು ಅಂದಿದ್ಯಲ್ಲ?"

"ಈಗ ಬಾರೇ, ನಿನ್ನ ಕಾಲಿಗೆ ಬೀಳ್ತೀನಿ!"

ಕಟ್ಟೆಯಿಂದ ನಲವತ್ತು ಮಾರು ದೂರದಲ್ಲಿ ಬಿಳಿ ದೋಣಿ ಕೆಸರಿನಲ್ಲಿ ಕೂತಿತ್ತು, ಎಮ್ಮೆ ಕೂತ ಹಾಗೆ. ಅದಕ್ಕೆ ಬೇಕಾದದ್ದು ನಾಲ್ಕು ಅಡಿ. ಹನ್ನೊಂದು ಜನ ನೀರಿಗಿಳಿದರು. ಕೆಸರು ಮೊಣಕಾಲಿನವರೆಗೆ ಹೀರಿಕೊಂಡಿತು. ಒಂದು ಕಾಲು ಕೀಳುವಷ್ಟರಲ್ಲಿ ಇನ್ನೊಂದು ಕಾಲು ಹೋಗುತ್ತದೆ. ತೊಡೆ ಉರಿಯುತ್ತದೆ. ಆದರೂ ಹೋದರು. ಕರೆದರೆ ಹೋಗುವುದು ಮೈಗೆ ಅಭ್ಯಾಸವಾಗಿತ್ತು.

ದೋಣಿಯ ಹಿಂದುಗಡೆ ಇಂಜಿನಿಯರ್ ಬಗ್ಗಿ ನಿಂತಿದ್ದ. ಕೋಲಕ್ಕನನ್ನು ನೋಡಿ ಗುರುತಿಸಿದ. ಗುರುತಿಸಿಲ್ಲ ಅನ್ನುವ ಮುಖ ಮಾಡಿದ.

"ಹಿಂದಿನಿಂದ ತಳ್ಳಿ. ತಲೆ ತಗ್ಗಿಸಿ, ಇನ್ನೂ ತಗ್ಗಿಸಿ. ಕಟ್ಟೆ ಮೇಲೆ ಕ್ಯಾಮೆರಾ ಇದೆ, ನೀವು ಕಾಣಬಾರದು."

ತಗ್ಗಿಸಿದರು. ಗಲ್ಲ ನೀರು ಮುಟ್ಟಿತು. ಭುಜವನ್ನು ದೋಣಿಗೆ ಕೊಟ್ಟು, ಉಸಿರು ಕಟ್ಟಿ, ನೂಕಿದರು. ದೋಣಿ ಒಂದು ಗೇಣು ಜರುಗಿತು. ಇನ್ನೊಂದು ಗೇಣು. ಗುಡುಗುವಿನ ಭುಜದ ಚರ್ಮ ಸುಲಿದು ಬಿಳಿ ಬಣ್ಣದ ಮೇಲೆ ಕೆಂಪು ಹತ್ತಿತು. "ಅಯ್ಯೋ, ಬಣ್ಣ!" ಅಂದ ಮೇಲಿನಿಂದ ಯಾರೋ.

ಬ್ಯಾಂಡು ಮತ್ತೆ ಶುರುವಾಯಿತು. ದೋಣಿ ತನ್ನಷ್ಟಕ್ಕೆ ತಾನೇ ತೇಲಿ ಬರುತ್ತಿದೆ ಅನ್ನುವ ಹಾಗೆ ನಡುವಿನ ಪಟ್ಟಣದ ಮೇಯರ್ ಮೈಕು ಹಿಡಿದು ಭಾಷಣ ತೆಗೆದರು. "ಬಂಧುಗಳೇ! ಮೂರು ಪಟ್ಟಣಗಳು ಇಂದು ಒಂದೇ ದೋಣಿಯಲ್ಲಿವೆ. ಏಳು ಅಡಿ ಆಳದ ಈ ನಮ್ಮ ಬಂದರು..."

ನೀರಿನಲ್ಲಿ ಯಾರೋ ಫಕ್ಕನೆ ನಕ್ಕರು.

"...ಮತ್ತು ಅದೋ ನೋಡಿ, ಯಾರಿಗೂ ಉಪಯೋಗವಿಲ್ಲದೆ ಖಾಲಿ ಬಿದ್ದಿರುವ ಆ ದಂಡೆ..."

ಕೋಲಕ್ಕನ ಕೆನ್ನೆ ದೋಣಿಗೆ ಒತ್ತಿಕೊಂಡಿತ್ತು. ಮೈಕಿನ ದನಿ ಹಲಗೆಯ ಮೂಲಕ ನೇರ ಅವಳ ದವಡೆಯೊಳಕ್ಕೆ ಬಂತು. ಖಾಲಿ ಬಿದ್ದಿರುವ. ಅವಳ ಕೈ ತಳ್ಳುತ್ತಲೇ ಇತ್ತು. ಥೂ, ಈ ಕೈ! ತನ್ನ ಮನೆಯ ಮೇಲೆ ಕೆಸರು ಸುರಿಯುವ ಸಹಿಗೆ ತಾನೇ ಭುಜ ಕೊಟ್ಟು ದೂಡಿಕೊಂಡು ಹೋಗುತ್ತಿದ್ದಾಳೆ. ಅದೂ ತಲೆ ತಗ್ಗಿಸಿ.

ಅವಳು ನೆಟ್ಟಗೆ ನಿಂತಳು.

"ಕೈ ಬಿಡಿ," ಅಂದಳು.

ಹನ್ನೊಂದು ಜನ ಕೈ ಬಿಟ್ಟರು. ದೋಣಿ ಒಂದು ಸಲ ನಿಟ್ಟುಸಿರಿಟ್ಟು ಎಡಕ್ಕೆ ವಾಲಿತು. ಮೇಯರ್ ಮೈಕಿನ ಸಮೇತ ಕಂಬಿ ಹಿಡಿದುಕೊಂಡರು. ಮೇಲಿನ ಪಟ್ಟಣದ ಮೇಯರ್ ಕೆಳಗಿನ ಪಟ್ಟಣದ ಮೇಯರ್ ಮೇಲೆ ಬಿದ್ದರು. ಸಹಕಾರ ಅಲ್ಲಿಯವರೆಗೆ ಅಷ್ಟು ಹತ್ತಿರ ಬಂದಿರಲಿಲ್ಲ.

"ಯಾಕೆ ನಿಲ್ಲಿಸಿದ್ರಿ? ತಳ್ಳಿ!" ಇಂಜಿನಿಯರ್ ಪಿಸುಮಾತಿನಲ್ಲಿ ಕೂಗಿದ.

"ಖಾಲಿ ಜಾಗದವರು ಹೇಗೆ ತಳ್ಳೋದು ಸಾರ್? ನಾವಿಲ್ವಲ್ಲ."

"ಕೆಲಸ ಹೋಗುತ್ತೆ ನೋಡು!"

"ಹೋಗಲಿ. ಮನೆ ಹೋದಮೇಲೆ ಕೆಲಸ ಇಟ್ಕೊಂಡು ಎಲ್ಲಿ ಮಲಗಲಿ?"

ಈಗ ಮೇಯರ್ ಬಗ್ಗಿ ನೋಡಿದರು. ಹೆಂಗಸರು ನೀರಿನಲ್ಲಿ ದೋಣಿಯ ಸುತ್ತ ನಿಂತಿದ್ದರು. ಸೊಂಟದವರೆಗೆ ನೀರು. ಅದನ್ನು ಕಟ್ಟೆಯ ಮೇಲಿದ್ದ ಎಲ್ಲರೂ ನೋಡಿದರು. ಏಳು ಅಡಿ ನೀರಿನಲ್ಲಿ ಹೆಂಗಸರು ಸೊಂಟದವರೆಗೆ ಹೇಗೆ ನಿಂತಾರು? ಕಟ್ಟೆಯ ಮೇಲೆ ಒಬ್ಬ ನಕ್ಕ. ಆಮೇಲೆ ಇಬ್ಬರು.

ಮೇಯರ್ ದನಿ ಬದಲಾಯಿಸಿದರು. "ತಾಯಂದಿರೇ, ಏನು ಬೇಕು ನಿಮಗೆ? ಆಮೇಲೆ ಕೂತು ಮಾತಾಡೋಣ. ಈಗ ನಮ್ಮನ್ನ ಹೇಗಾದರೂ ಕಟ್ಟೆಗೆ ಮುಟ್ಟಿಸಿ. ದೋಣಿ ಬರದಿದ್ದರೆ ಬೆನ್ನ ಮೇಲಾದರೂ ಹೊತ್ಕೊಂಡು ಹೋಗಿ."

"ಬೆನ್ನ ಮೇಲೆ!" ಅಂದಳು ಗುಡುಗು. ಮೈಕು ಇಲ್ಲದೆಯೇ ಅವಳ ಮಾತು ಎರಡೂ ದಡಕ್ಕೆ ಕೇಳಿಸಿತು. "ಹೂಳಿನ ಬುಟ್ಟಿ ಹೊತ್ತ ಮೈ ಸ್ವಾಮಿ. ಬುಟ್ಟಿ ಹಗುರ. ನಿಮ್ಮ ಹೊಟ್ಟೆ ನೋಡ್ಕೊಳ್ಳಿ."

ಕೋಲಕ್ಕ ಕೈಯೆತ್ತಿ ಅವಳನ್ನು ಸುಮ್ಮನಿರಿಸಿದಳು. "ಕೂತು ಮಾತಾಡೋದು ಬೇಡ. ಎರಡೇ ಕೆಲಸ. ಈ ಸಾರ್ ನೀರಿಗಿಳಿದು ಆಳ ಅಳೆದು ಮೈಕಲ್ಲಿ ಹೇಳಬೇಕು. ಆಮೇಲೆ ಆ ದಂಡೆ ಮೇಲೆ ಎಷ್ಟು ಮನೆ ಇದೆ ಅಂತ ಎಣಿಸಿ ಹೇಳಬೇಕು. ಹೇಳಿದರೆ ತಳ್ಳುತ್ತೇವೆ."

"ಇದೆಲ್ಲ ಸಮಿತಿಯಲ್ಲಿ..." ಅಂದ ಇಂಜಿನಿಯರ್.

"ಸರಿ. ಸಮಿತಿ ಬರೋವರೆಗೆ ಕೂತಿರಿ. ನಮಗೆ ನೀರಲ್ಲಿ ನಿಂತು ರೂಢಿಯಿದೆ."

ನಿಂತರು. ಬಿಸಿಲೇರಿತು. ಬಿಳಿ ದೋಣಿಗೆ ನೆರಳಿರಲಿಲ್ಲ. ಕೆಳಗಿನ ಪಟ್ಟಣದ ಮೇಯರ್ ಮೇಲಿನ ಪಟ್ಟಣದ ಮೇಯರ್‌ಗೆ, "ನಿಮ್ಮ ದೋಣಿಯೇ ಸರಿಯಿಲ್ಲ," ಅಂದರು. ಅವರು, "ನಿಮ್ಮ ಇಂಜಿನಿಯರ್ ಸಹಿ ಹಾಕಲಿಲ್ಲವೇ?" ಅಂದರು. ಇಬ್ಬರೂ ಸೇರಿ ನಡುವಿನವರನ್ನು ಬೈದರು. ಬ್ಯಾಂಡಿನವರು ತುತ್ತೂರಿ ಕೆಳಗಿಟ್ಟು ಬುತ್ತಿ ಬಿಚ್ಚಿದರು. ಮೇಸ್ತ್ರಿ ಕಟ್ಟೆಯ ಮೇಲೆ ಅತ್ತಿಂದಿತ್ತ ಓಡಾಡಿ, ಹನ್ನೊಂದು ಜನರನ್ನೂ ಎರಡು ಸಲ ಕೆಲಸದಿಂದ ತೆಗೆದು, ಒಂದು ಸಲ ವಾಪಸ್ ಸೇರಿಸಿಕೊಂಡ. ಕೋಲಕ್ಕನ ಕಾಲು ಮರಗಟ್ಟಿತು. ಕೆಸರಿನೊಳಗೆ ಪಾದ ತನ್ನದೋ ಅಲ್ಲವೋ ತಿಳಿಯದಾಯಿತು. ಅವಳು ಅಲ್ಲಾಡಲಿಲ್ಲ. ಅಲ್ಲಾಡಬೇಡ ಅಂತ ಈ ಸಲ ಯಾರೂ ಹೇಳಿರಲಿಲ್ಲ.

ಮಧ್ಯಾಹ್ನ ಮೂರರ ಹೊತ್ತಿಗೆ ಮೇಲಿನ ಪಟ್ಟಣದ ಮೇಯರ್ ಹಲ್ಲು ಕಚ್ಚಿ, "ಇಳಿಯಯ್ಯಾ, ಅಳೆಯಯ್ಯಾ, ನನಗೆ ಬಚ್ಚಲಿಗೆ ಹೋಗಬೇಕು!" ಅಂದರು. ಮೈಕು ಆನ್ ಇತ್ತು.

ಇಂಜಿನಿಯರ್ ಇಳಿದ. ಷೂ ಸಮೇತ ಇಳಿದ. ನೀರು ಅವನ ಸೊಂಟಕ್ಕೆ ಬಂದು ನಿಂತಿತು. ದೋಣಿಯವನು ಒಂದು ಕೋಲು ಕೊಟ್ಟ. ಅಳೆಯಲು ಕೋಲೇ ಬೇಕಿರಲಿಲ್ಲ. ಆದರೂ ಅವನು ಇಳಿಬಿಟ್ಟು ನೋಡಿದ. ಇನ್ನೊಂದು ಕಡೆ ಬಿಟ್ಟು ನೋಡಿದ. ಕಲ್ಲಿನ ಹತ್ತಿರದವರೆಗೆ ಹೋಗಿ ಅಲ್ಲಿಯೂ ಬಿಟ್ಟು ನೋಡಿದ. ಮುಖ ಇಳಿಯಿತು. ವಾಪಸ್ ಬಂದು ಮೈಕಿಗೆ ಬಾಯಿ ಕೊಟ್ಟ.

"ಮೂರು," ಅಂದ.

"ಕೇಳಿಸಲಿಲ್ಲ!" ಅಂದಳು ಗುಡುಗು.

"ಮೂರು ಅಡಿ! ಮೂರೇ ಅಡಿ!"

ಕಟ್ಟೆಯ ಮೇಲೆ ಪೇಪರಿನವಳೊಬ್ಬಳು ಬರೆದುಕೊಂಡಳು. ಕೋಲಕ್ಕ ಅದನ್ನು ನೋಡಿದಳು.

"ಈಗ ಮನೆ ಎಣಿಸಿ."

ಅವನು ದಂಡೆಯ ಕಡೆ ತಿರುಗಿದ. ಹಡಗು, ನೀಲಿ ನೀರು, ಹೂವಿನ ಗಿಡ. ಬಾಯಿ ತೆರೆಯುವಷ್ಟರಲ್ಲಿ ನಡುವಿನ ಮೇಯರ್ ಮೈಕು ಕಿತ್ತುಕೊಂಡು ಆರಿಸಿದರು. "ಸಾಕು. ಒಂದು ಹೇಳಿದ್ದಾಯ್ತು. ಇವತ್ತಿಗೆ ಸಹಿ ಬೇಡ ಅನ್ನೋದಾದರೆ ಬೇಡ, ಮುಂದೆ ನೋಡೋಣ. ಮಾತು ಕೊಟ್ಟಿದ್ದೀರಿ, ತಳ್ಳಿ!"

ಹೆಂಗಸರು ಕೋಲಕ್ಕನ ಮುಖ ನೋಡಿದರು. ಅವಳು ಕೆಸರಿನಿಂದ ಕಾಲು ಕಿತ್ತಳು.

"ಸರಿ, ಅರ್ಧ ಹೇಳಿದ್ದಕ್ಕೆ ಅರ್ಧ ತಳ್ಳೋಣ," ಅಂದು ದೋಣಿಯ ಮುಂದುಗಡೆಗೆ ನಡೆದಳು.

ಉಳಿದ ಹತ್ತು ಜನರೂ ಅವಳ ಹಿಂದೆ ಮುಂದುಗಡೆಗೆ ಹೋದರು. ಕಟ್ಟೆಗೆ ಬೆನ್ನು ಮಾಡಿ, ಕ್ಯಾಮೆರಾಗಳ ಎದುರಿಗೇ, ತಲೆಯೆತ್ತಿ, ಭುಜ ಕೊಟ್ಟರು. ದೋಣಿ ಬಂದ ದಾರಿಯಲ್ಲೇ ಹಿಂದಕ್ಕೆ ಜಾರಿತು. "ಈ ಕಡೆ ಅಲ್ಲ! ಆ ಕಡೆ! ಕಟ್ಟೆ ಆ ಕಡೆ!" ಅಂತ ಮೂವರು ಮೇಯರ್‌ಗಳೂ ಒಟ್ಟಿಗೆ ಕೂಗಿದರು. ಮೊದಲ ಸಲ ಮೂವರದೂ ಒಂದೇ ಮಾತಾಯಿತು. ದೋಣಿ ಆಳ ಸಿಕ್ಕಲ್ಲಿ ತೇಲಿತು, ಇಂಜಿನ್ ಹತ್ತಿತು, ಮೇಲಿನ ಪಟ್ಟಣದ ಕಡೆ ಹೊರಟಿತು. ಯಾರೂ ಕೈ ಬೀಸಲಿಲ್ಲ.

ಇಂಜಿನಿಯರ್ ನೀರಿನಲ್ಲೇ ಉಳಿದಿದ್ದ.

"ನಾನು ಹೇಗೆ ಬರಲಿ?" ಅಂದ.

"ನಡ್ಕೊಂಡು ಬನ್ನಿ ಸಾರ್. ಮೂರೇ ಅಡಿ."

ಅವನು ಬಂದ. ಷೂ ಬರಲಿಲ್ಲ.

ಕಟ್ಟೆಯ ಕಡೆ ಜನ ನಗುತ್ತಿದ್ದರು, ಅದಕ್ಕೆ ಅವನು ದಂಡೆಯ ಕಡೆ ಹತ್ತಿದ. ರಸ್ತೆಗೆ ಹೋಗಲು ಇದ್ದದ್ದು ಒಂದೇ ಓಣಿ. ಫ್ಲೆಕ್ಸಿನ ಅಡಿಯಲ್ಲಿ ತೂರಿ ಒಳಗೆ ಬಂದ. ಇಬ್ಬರು ಎದುರು ಬದುರಾದರೆ ಒಬ್ಬರು ಗೋಡೆಗೆ ಅಂಟಿಕೊಳ್ಳಬೇಕು, ಅಷ್ಟು ಇಕ್ಕಟ್ಟು. ಬಾಗಿಲುಗಳಲ್ಲಿ ಜನ ನಿಂತು ನೋಡಿದರು. ಅರ್ಧ ಓಣಿಯಲ್ಲಿ ಕೋಲಕ್ಕನ ಅತ್ತೆ ಹೊಸ್ತಿಲ ಮೇಲೆ ಕೂತು ಎರಡೂ ಕಾಲನ್ನು ಆಚೆ ಗೋಡೆಯವರೆಗೆ ಚಾಚಿದ್ದಳು.

ಅವನು ನಿಂತ. ದಾಟಲು ಕಾಲು ಎತ್ತಿದ, ಇಳಿಸಿದ. ಹಿಂದೆ ನೋಡಿದರೆ ಕೋಲಕ್ಕ, ಅವಳ ಹಿಂದೆ ಇನ್ನೂ ಹತ್ತು ಜನ, ಮೈಯೆಲ್ಲ ಕೆಸರು, ಹಲ್ಲು ಮಾತ್ರ ಬಿಳಿ.

"ಅಜ್ಜೀ," ಅಂದ ಅವನು, "ಸ್ವಲ್ಪ ಕಾಲು ತೆಗೀತೀರಾ?"

ಅತ್ತೆ ಅವನ ಬರಿಗಾಲು ನೋಡಿದಳು. ಮುಖ ನೋಡಿದಳು.

"ಇದು ಎಷ್ಟನೇ ಮನೆ ಹೇಳಪ್ಪ, ತೆಗೀತೀನಿ."

ಅವನು ಬಲಕ್ಕೆ ನೋಡಿದ, ಎಡಕ್ಕೆ ನೋಡಿದ. ಆಮೇಲೆ ತಿರುಗಿದ. ಹೆಂಗಸರು ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟರು. ಅವನು ಓಣಿಯ ಮೊದಲ ಬಾಗಿಲವರೆಗೂ ವಾಪಸ್ ನಡೆದುಹೋಗಿ, ಅಲ್ಲಿಂದ ಎಣಿಸತೊಡಗಿದ.